ತೋಟದ ಗೇಟಿನವರೆಗೆ: ಮೆಲಾಕಾದ ಆರೋಗ್ಯ ಸೇವೆ ನಡೆದು ಬಂದ ದಾರಿ

ಮಲೇಷ್ಯಾದ ಮೆಲಾಕಾ ರಾಜ್ಯದ ಆರೋಗ್ಯ ಸೇವೆ ಎಂದೊಡನೆ ಈಗ ಕಣ್ಣಿಗೆ ಬೀಳುವುದು 1994ರಲ್ಲಿ ಬಾಗಿಲು ತೆರೆದ ಮಹ್ಕೋಟಾ ಖಾಸಗಿ ಆಸ್ಪತ್ರೆ, ಅಲ್ಲಿಗೆ ಸುಮಾತ್ರಾದ ದುಮಾಯಿಯಿಂದ ಹಡಗೇರಿ ಬರುವ ಇಂಡೊನೇಷ್ಯಾದ ರೋಗಿಗಳು. ಕನ್ನಡಿಗರಿಗೆ ಇನ್ನೊಂದು ಹೆಸರೂ ಗೊತ್ತು: 1997ರಲ್ಲಿ ಶುರುವಾದ ಮೆಲಾಕಾ-ಮಣಿಪಾಲ ವೈದ್ಯಕೀಯ ಕಾಲೇಜು. ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಓದಿ, ಉಳಿದದ್ದನ್ನು ಮೆಲಾಕಾ ಮತ್ತು ಮುವಾರ್‌ನ ವಾರ್ಡುಗಳಲ್ಲಿ ಕಲಿಯುವ ಏರ್ಪಾಡು ಅದರದ್ದಾಗಿತ್ತು. ಆದರೆ ಅಲ್ಲಿನ ಬಡವರಿಗೆ ಚಿಕಿತ್ಸೆ ದಕ್ಕಿದ್ದು ಇವೆರಡೂ ಹುಟ್ಟುವ ಮೊದಲೇ, ಹಳ್ಳಿಯಲ್ಲೇ ಮನೆ ಮಾಡಿಕೊಂಡಿದ್ದ ಸರ್ಕಾರಿ ಸೂಲಗಿತ್ತಿಯಿಂದ. ಅವಳು ಕಾಲಿಡದ ಕಡೆ ಸೇವೆಯೂ ತಲುಪಲಿಲ್ಲ.

ಕಥೆ ಶುರುವಾಗುವುದು ರಬ್ಬರ್‌ನಿಂದ. 1896ರಲ್ಲಿ ತಾನ್ ಚಾಯ್ ಯಾನ್ ಎಂಬಾತ ಮೆಲಾಕಾದ ಬುಕಿತ್ ಲಿಂತಾಂಗ್‌ನಲ್ಲಿ ಮಲಯದ, ಅಂದರೆ ಇಂದಿನ ಪರ್ಯಾಯದ್ವೀಪ ಮಲೇಷ್ಯಾದ, ಮೊದಲ ವಾಣಿಜ್ಯ ರಬ್ಬರ್ ತೋಟ ಹಾಕಿದ. ಆಮೇಲೆ ಪರ್ಯಾಯದ್ವೀಪದುದ್ದಕ್ಕೂ ಗುಡ್ಡಗಳು ಬೋಳಾದವು, ಕೂಲಿಗೆ ತಮಿಳರು ಬಂದರು, ಮಲೇರಿಯಾವೂ ಹೆಚ್ಚಿತು. 1901ರಲ್ಲಿ ಕ್ಲಾಂಗ್‌ನ ಜೌಗನ್ನು ಬಸಿದು ಜ್ವರ ಇಳಿಸಿದ್ದ ಡಾಕ್ಟರ್ ಮಾಲ್ಕಂ ವಾಟ್ಸನ್‌ಗೆ ಗುಡ್ಡದ ತೋಟಗಳಲ್ಲಿ ಅದೇ ಉಪಾಯ ಕೈಕೊಟ್ಟಿತು. ಮರ ಕಡಿದು ತೊರೆಯ ಮೇಲೆ ಬಿಸಿಲು ಬಿದ್ದಷ್ಟೂ ಅಲ್ಲಿನ ತಿಳಿನೀರಿನಲ್ಲಿ ಬೇರೊಂದು ಜಾತಿಯ ಅನಾಫಿಲಿಸ್ ಸೊಳ್ಳೆ ಬೆಳೆಯುತ್ತಿತ್ತು. (ನಮ್ಮ ಮಲೆನಾಡನ್ನು ಕಾಡಿದ್ದೂ ಹರಿವ ನೀರಿನ ಸೊಳ್ಳೆಯೇ.) ಕೊನೆಗೆ ನೀರನ್ನು ನೆಲದಡಿಯ ಕೊಳವೆಗಳಲ್ಲಿ ಹರಿಸಿದರು, ಉಳಿದೆಡೆ ಎಣ್ಣೆ ಸಿಂಪಡಿಸಿದರು. ತೋಟದ ಆಸ್ಪತ್ರೆಗಳೂ ಬಂದವು. ಅವು ಇದ್ದದ್ದು ಕೂಲಿಯಾಳು ನಾಳೆ ಕೆಲಸಕ್ಕೆ ಏಳಲೆಂದು. 1934ರಲ್ಲಿ ಮೆಲಾಕಾ ನಗರಕ್ಕೆ ದೊಡ್ಡ ಆಸ್ಪತ್ರೆ ಬಂತು. ಕಂಪುಂಗ್‌ನ, ಅಂದರೆ ಮಲಯ್ ಹಳ್ಳಿಯ ಬಾಣಂತಿಗೆ ಅದು ದೂರವೇ ಉಳಿಯಿತು.

ಚಿತ್ರ ಬದಲಾದದ್ದು ಮಲಯದ ಸ್ವಾತಂತ್ರ್ಯದ ಆಸುಪಾಸಿನಲ್ಲಿ. 50,000 ಜನರಿಗೆ ಒಂದು ಮುಖ್ಯ ಆರೋಗ್ಯ ಕೇಂದ್ರ, ನಾಲ್ಕು ಉಪಕೇಂದ್ರ, ಇಪ್ಪತ್ತು ಸೂಲಗಿತ್ತಿ ಕ್ಲಿನಿಕ್ ಎಂಬುದು ಗ್ರಾಮೀಣ ಆರೋಗ್ಯ ಯೋಜನೆಯ ಲೆಕ್ಕ. ಕ್ಲಿನಿಕ್ಕಿಗೇ ಅಂಟಿಕೊಂಡು ಸೂಲಗಿತ್ತಿಯ ವಸತಿ, ಹಾಗಾಗಿ ನಡುರಾತ್ರಿಯೂ ಬಾಗಿಲು ತಟ್ಟಬಹುದಿತ್ತು. ಹಳೆಯ ಬಿದಾನ್ ಕಂಪುಂಗ್‌ಗಳನ್ನು, ಅಂದರೆ ಹಳ್ಳಿಯ ಸೂಲಗಿತ್ತಿಯರನ್ನು, ಓಡಿಸದೆ ತರಬೇತಿ ಕೊಟ್ಟು ಜೊತೆಗಿಟ್ಟುಕೊಂಡದ್ದು ಜಾಣತನ. ಮುಂದೆ ಗರ್ಭಿಣಿಯ ಕಾರ್ಡಿಗೆ ಬಣ್ಣದ ಗುರುತು ಬಂತು: ಕೆಂಪು ಕಂಡರೆ ತಡಮಾಡದೆ ಆಸ್ಪತ್ರೆಗೆ, ಬಿಳಿಯಾದರೆ ಹಳ್ಳಿಯ ದಾದಿಯೇ ಸಾಕು. 1957ರಲ್ಲಿ ಲಕ್ಷ ಜನನಕ್ಕೆ ಸುಮಾರು 280 ಇದ್ದ ದೇಶದ ತಾಯಂದಿರ ಸಾವು 1990ರ ಹೊತ್ತಿಗೆ 20ರ ಆಸುಪಾಸಿಗೆ ಬಂತು. ಮರುವರ್ಷ ಪ್ರತಿ ಸಾವನ್ನೂ ಗುಟ್ಟಾಗಿ ವಿಚಾರಿಸುವ ಪದ್ಧತಿ ಬಂದದ್ದೇ ಅಂಕಿ 40 ದಾಟಿತು. ಸಾವು ಹೆಚ್ಚಿರಲಿಲ್ಲ, ಎಣಿಕೆ ಪ್ರಾಮಾಣಿಕವಾಗಿತ್ತು. ಆ ಎಣಿಕೆಯನ್ನೂ ನಾನು ಸಾಧನೆಗೇ ಸೇರಿಸುತ್ತೇನೆ.

ತವರ, ರಬ್ಬರ್, ಎಣ್ಣೆಯ ದುಡ್ಡಿದ್ದ ಪುಟ್ಟ ದೇಶಕ್ಕೆ ಇದೇನು ಮಹಾ ಎನ್ನಬಹುದು. ಆದರೆ ಸಾವಿನ ಇಳಿತ ಶುರುವಾದದ್ದು ಕಾರ್ಖಾನೆಗಳ ಸಮೃದ್ಧಿಗೆ ಮುಂಚೆ. ಹೆಚ್ಚು ಬಡದೇಶವಾದ ಶ್ರೀಲಂಕಾ ಕೂಡ ಸೂಲಗಿತ್ತಿಯರನ್ನೇ ನೆಚ್ಚಿ ಅದೇ ದಾರಿಯಲ್ಲಿ ನಡೆಯಿತು. ಮೈಸೂರು ಸಂಸ್ಥಾನವೂ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಷ್ಟು ಹಿಂದೆಯೇ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆದಿತ್ತು. ಯೋಚನೆ ನಮಗೇನೂ ಹೊಸದಾಗಿರಲಿಲ್ಲ. ಮಲಯದವರು ಅದನ್ನು ಹಳ್ಳಿ ಹಳ್ಳಿಗೂ ಒಯ್ದರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ತೋಟದ ಕಡೆಯಿಂದ ಬರುತ್ತದೆ, ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ತೋಟ ಖಾಸಗಿ ನೆಲ, ಕೂಲಿಗಳ ಆರೋಗ್ಯ ಮಾಲೀಕನ ಹೊಣೆ ಎಂದು ಸರ್ಕಾರ ದಶಕಗಳ ಕಾಲ ಕೈತೊಳೆದುಕೊಂಡಿತು. ಕಂಪುಂಗ್‌ಗೆ ಬಂದ ಸೂಲಗಿತ್ತಿ ಪಕ್ಕದ ತೋಟದ ಕೂಲಿಗಳ ಲೈನ್ ಮನೆಗಳಿಗೆ ಹೋಗುವಂತಿರಲಿಲ್ಲ. ಈಗ ಆ ತೋಟಗಳಲ್ಲಿ ಬಹುಪಾಲು ಎಣ್ಣೆತಾಳೆ, ದುಡಿಯುವವರಲ್ಲಿ ಅನೇಕರು ಇಂಡೊನೇಷ್ಯಾ, ಬಾಂಗ್ಲಾದೇಶದವರು. ಸರ್ಕಾರಿ ಹೊರರೋಗಿ ವಿಭಾಗದಲ್ಲಿ ಮಲೇಷ್ಯಾದ ಪ್ರಜೆ ಒಂದು ರಿಂಗಿಟ್ ಕೊಟ್ಟರೆ, ಇವರು ಅದರ ಹತ್ತಾರು ಪಟ್ಟು ತೆರಬೇಕು. ದಾಖಲೆಯಿಲ್ಲದವರು ಬಂದರೆ ವರದಿ ಮಾಡಬೇಕೆಂದು 2001ರ ಸುತ್ತೋಲೆ ಆಸ್ಪತ್ರೆ ಸಿಬ್ಬಂದಿಗೆ ಹೇಳಿತು. ಹಾಗಾಗಿ ದುಮಾಯಿಯಿಂದ ದುಡ್ಡು ಹಿಡಿದು ಬಂದ ಇಂಡೊನೇಷ್ಯಾದವನಿಗೆ ಮೆಲಾಕಾದಲ್ಲಿ ಮಂಚ ಸಿಗುತ್ತದೆ. ಕಾಗದವಿಲ್ಲದೆ ಅಲ್ಲಿನ ತೋಟದಲ್ಲಿ ದುಡಿಯುವ ಅವನ ಊರಿನವನು ಜ್ವರ ಬಂದರೂ ಆಸ್ಪತ್ರೆಗೆ ಹೋಗಲು ಅಂಜುತ್ತಾನೆ.