ಮುರಿದ ಬೆರಳು ಮತ್ತು 'ಜಬ್ರ್' ಎಂಬ ವಿದ್ಯೆ

ಉರ್ದುವಿನಲ್ಲಿ 'ಜಬ್ರ್' ಎಂದರೆ ಬಲಾತ್ಕಾರ, ದಬ್ಬಾಳಿಕೆ. ಅರಬಿಯಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥವಿದೆ: ಮುರಿದ ಎಲುಬನ್ನು ಕೂಡಿಸುವುದು. ಎಲುಬು ಕಟ್ಟುವವನು 'ಮುಜಬ್ಬಿರ್', ಅವನು ಕಟ್ಟುವ ದಬ್ಬೆ 'ಜಬೀರಾ'. ಸುಮಾರು 820ರಲ್ಲಿ ಬಗ್ದಾದಿನ ಅಲ್-ಖ್ವಾರಿಝ್ಮಿ ತನ್ನ ಗಣಿತ ಗ್ರಂಥದ ಹೆಸರಿನಲ್ಲಿ ಬಳಸಿದ 'ಅಲ್-ಜಬ್ರ್' ಕೂಡ ಇದೇ ಪದ. ಯೂರೋಪಿನ 'ಆಲ್ಜಿಬ್ರಾ' ಹುಟ್ಟಿದ್ದು ಅದರಿಂದ. ಸ್ಪೇನಿನಲ್ಲಿ ಎಲುಬು ಕಟ್ಟುವವನನ್ನೇ 'ಅಲ್ಜೆಬ್ರಿಸ್ತಾ' ಎನ್ನುತ್ತಿದ್ದರು. 1615ರಲ್ಲಿ ಪ್ರಕಟವಾದ 'ಡಾನ್ ಕ್ವಿಕ್ಸೋಟ್'ನ ಎರಡನೆಯ ಭಾಗದಲ್ಲಿ ಅಂಥವನೊಬ್ಬ ಬರುತ್ತಾನೆ. ಅಲ್ಲಾಹನ ನಾಮಗಳಲ್ಲೊಂದಾದ 'ಅಲ್-ಜಬ್ಬಾರ್'ಗೂ ಮುರಿದುದನ್ನು ಸರಿಪಡಿಸುವವನು ಎಂಬ ಅರ್ಥವನ್ನು ವ್ಯಾಖ್ಯಾನಕಾರರು ಹೇಳಿದ್ದಾರೆ.

ಕೂಡಿಸುವುದಕ್ಕೆ ಎಷ್ಟು ಬಲ ಬೇಕು? ದಬ್ಬೆ ಕಟ್ಟಿ ಕಾಯಬೇಕೋ, ಕೊಯ್ದು ಕೂಡಿಸಬೇಕೋ? ಸಾವಿರಾರು ವರ್ಷಗಳ ಈ ಪ್ರಶ್ನೆ ನಮ್ಮ ದೇಹದ ಒಂದು ಪುಟ್ಟ ಜಾಗದಲ್ಲಿ, ಬೆರಳಿನ ತುದಿಗಿಣ್ಣಿನಲ್ಲಿ, ಇಂದಿಗೂ ಚರ್ಚೆಯಾಗುತ್ತಲೇ ಇದೆ.

ಕ್ರಿಕೆಟ್ ಚೆಂಡು ಚಾಚಿದ ಬೆರಳಿನ ತುದಿಗೆ ಬಡಿಯುತ್ತದೆ. ಅಥವಾ ಹಾಸಿಗೆಯ ಅಡಿಗೆ ಚಾದರ ಸಿಕ್ಕಿಸುವಾಗ ಬೆರಳು ಥಟ್ಟನೆ ಮಡಚಿಕೊಳ್ಳುತ್ತದೆ. ಬೆರಳನ್ನು ನೆಟ್ಟಗೆ ಎತ್ತುವ ಸ್ನಾಯುರಜ್ಜು ಹರಿಯುತ್ತದೆ, ಇಲ್ಲವೇ ತಾನು ಅಂಟಿಕೊಂಡಿದ್ದ ಎಲುಬಿನ ಚೂರನ್ನೇ ಕಿತ್ತುಕೊಂಡು ಹಿಂದೆ ಸರಿಯುತ್ತದೆ. ಬೆರಳ ತುದಿ ಬಾಡಿದ ಮೊಗ್ಗಿನಂತೆ ಕೆಳಗೆ ಬಾಗುತ್ತದೆ. ನೋವು ಅಷ್ಟೇನೂ ಇರದಿದ್ದರೆ ಜನ ವಾರಗಟ್ಟಲೆ ಅದನ್ನು ಲಕ್ಷಿಸುವುದೂ ಇಲ್ಲ.

ಹಿಂದಿನವರ ಬಳಿ ಇದಕ್ಕೆ ಇದ್ದ ಮದ್ದು ದಬ್ಬೆಯೇ. ಸುಶ್ರುತ ಸಂಹಿತೆ ಬಿದಿರು, ಅತ್ತಿ, ಅಶ್ವತ್ಥ ಮುಂತಾದ ಮರಗಳ ತೊಗಟೆಯಿಂದ ಮುರಿದ ಎಲುಬನ್ನು ಕಟ್ಟಲು ಹೇಳುತ್ತದೆ. ಕೊರ್ಡೊಬಾದ ಬಳಿ ಬಾಳಿದ ಅಲ್-ಝಹ್ರಾವಿ (ಮರಣ 1013) ತನ್ನ 'ಅಲ್-ತಸ್ರೀಫ್' ಗ್ರಂಥದ ಮೂವತ್ತನೆಯ ಭಾಗವನ್ನು ಪೂರ್ತಿಯಾಗಿ ಶಸ್ತ್ರವೈದ್ಯಕ್ಕೆ ಮೀಸಲಿಟ್ಟ. ಅದರಲ್ಲಿ ಉಪಕರಣಗಳ ಚಿತ್ರಗಳೇ ಸುಮಾರು ಇನ್ನೂರು. ಅಷ್ಟೊಂದು ಚೂರಿ, ಗರಗಸಗಳನ್ನು ಬಲ್ಲ ಆ ಜರ್ರಾಹ್ ಮುರಿದ ಬೆರಳಿಗೆ ಹೇಳಿದ್ದು ಮಾತ್ರ ಸರಳ ಉಪಾಯ: ಸಣ್ಣ ದಬ್ಬೆ ಇಡಿ, ಅಥವಾ ಪಕ್ಕದ ಗಟ್ಟಿ ಬೆರಳಿನೊಂದಿಗೆ ಸೇರಿಸಿ ಕಟ್ಟಿ. ಇಬ್ನ್ ಸೀನಾ (ಮರಣ 1037) ಇನ್ನೊಂದು ಎಚ್ಚರಿಕೆ ಸೇರಿಸಿದ. ಊತ ಇಳಿಯುವ ಮುನ್ನವೇ ಬಿಗಿಯಾಗಿ ದಬ್ಬೆ ಕಟ್ಟಬಾರದು, ಕೆಲವು ದಿನ ಕಾಯಬೇಕು ಎಂದ.

ಇವರು ಚೂರಿಗೆ ಅಂಜಿದವರಲ್ಲ. ಆದರೆ ತೆರೆದ ಗಿಣ್ಣಿಗೆ ಕೀವು ಹತ್ತಿದರೆ ಬೆರಳಷ್ಟೇ ಅಲ್ಲ, ಪ್ರಾಣವೂ ಹೋಗಬಹುದಾದ ಕಾಲವದು. ಆ ಭಯ ಕರಗತೊಡಗಿದ್ದು 1867ರಲ್ಲಿ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯ ಕಾಯುವ ವಿಧಾನ ಪ್ರಕಟಿಸಿದ ಮೇಲೆ. 1895ರಲ್ಲಿ ರಾಂಟ್‌ಜನ್ನನ ಕ್ಷ-ಕಿರಣ ಒಳಗಿನ ಚೂರನ್ನು ತೋರಿಸಿತು. 1909ರಲ್ಲಿ ಜರ್ಮನಿಯ ಕಿರ್ಷ್ನರ್ ಎಲುಬಿಗೆ ತೂರಿಸುವ ತೆಳು ಉಕ್ಕಿನ ತಂತಿಯನ್ನು ಬಳಕೆಗೆ ತಂದ. ಕಾಣದಿದ್ದುದು ಕಂಡಿತು, ಹಿಡಿಯಲಾಗದ್ದನ್ನು ಹಿಡಿಯಬಹುದಾಯಿತು. ಆಗ ಕೊಯ್ಯುವ ಉತ್ಸಾಹವೂ ಸಹಜವಾಗಿಯೇ ಬೆಳೆಯಿತು.

ಕಿತ್ತ ಚೂರು ಗಿಣ್ಣಿನ ಮೇಲ್ಮೈಯ ಮೂರನೇ ಒಂದು ಭಾಗಕ್ಕಿಂತ ದೊಡ್ಡದಿದ್ದರೆ, ಅಥವಾ ತುದಿ ಎಲುಬು ಅಂಗೈಯ ಕಡೆಗೆ ಜಾರಿದ್ದರೆ, ಶಸ್ತ್ರಕ್ರಿಯೆ ಬೇಕೆಂಬ ವಾಡಿಕೆ ಬಂತು. 1984ರಲ್ಲಿ ಅಮೆರಿಕದ ವೆಹ್ಬೆ ಮತ್ತು ಶ್ನೈಡರ್ ಇದನ್ನು ಪ್ರಶ್ನಿಸಿದರು. ಈ ಶಸ್ತ್ರಕ್ರಿಯೆ ಕಷ್ಟದ್ದು, ದಬ್ಬೆಗಿಂತ ಹೆಚ್ಚಿನ ಲಾಭ ಅದರಿಂದ ಕಾಣಲಿಲ್ಲ ಎಂಬುದು ಅವರ ತೀರ್ಮಾನ. ಇನ್ನೊಂದೆಡೆ ಜಪಾನಿನ ಇಶಿಗುರೊ, ಕೊಯ್ಯದೆ ಚರ್ಮದ ಮೂಲಕವೇ ತಂತಿ ತೂರಿಸಿ ಚೂರನ್ನು ತಡೆದು ನಿಲ್ಲಿಸುವ ಜಾಣ ವಿಧಾನ ರೂಪಿಸಿದ. 2004ರ ಕಾಕ್ರೇನ್ ವಿಮರ್ಶೆಗೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಪ್ರಯೋಗಗಳು ಸಿಕ್ಕಿದ್ದು ನಾಲ್ಕೇ. ಯಾವಾಗ ಕೊಯ್ಯಬೇಕೆಂದು ಖಚಿತವಾಗಿ ಹೇಳಲು ಅವು ಸಾಲವೆಂದು ಅದು ಹೇಳಿತು.

ಇಂದು ಹೆಚ್ಚಿನ ವೈದ್ಯರು ನಡೆಯುವುದು ನಡುದಾರಿಯಲ್ಲಿ. ಗಿಣ್ಣು ಜಾರಿರದಿದ್ದರೆ ಆರರಿಂದ ಎಂಟು ವಾರ ದಬ್ಬೆ. ಜಾರಿದ್ದರೆ, ಗಾಯ ತೆರೆದಿದ್ದರೆ ಶಸ್ತ್ರಕ್ರಿಯೆಯ ಯೋಚನೆ. ದಬ್ಬೆಯಿಂದ ಚರ್ಮ ಹುಣ್ಣಾಗಬಹುದು. ಶಸ್ತ್ರಕ್ರಿಯೆಯಿಂದ ಸೋಂಕು, ಉಗುರಿನ ವಿಕಾರ, ಗಿಣ್ಣು ಬಿಗಿಯುವಿಕೆ ಬರಬಹುದು. ಶಸ್ತ್ರಕ್ರಿಯೆ ಬೇಗ ಮುಗಿಯುವ ದಾರಿಯೂ ಅಲ್ಲ, ತಂತಿಯೂ ಕೆಲವು ವಾರ ಬೆರಳಿನಲ್ಲಿರಲೇಬೇಕು. ಯಾವುದು ಜಾರಿದೆ, ಯಾವುದು ಜಾರಿಲ್ಲ ಎಂಬುದು ಕೈ ಮುಟ್ಟಿ ನೋಡಿದರೆ ತಿಳಿಯದು. ಆದ್ದರಿಂದ ನಾಟಿವೈದ್ಯರ ಕಟ್ಟನ್ನು ನಂಬುವವರೂ ಮೊದಲು ಎಕ್ಸ್‌ರೇ ತೆಗೆಸುವುದು ಕ್ಷೇಮ.

ದಬ್ಬೆ ಸೋಲುವುದು ಹೆಚ್ಚಾಗಿ ಅದನ್ನು ಬಿಚ್ಚುವುದರಿಂದ. ತುದಿ ಒಮ್ಮೆ ಬಾಗಿದರೂ ಕೂಡುತ್ತಿದ್ದ ಎಳೆ ಮತ್ತೆ ಬಿಡುತ್ತದೆ, ಲೆಕ್ಕ ಮೊದಲ ದಿನದಿಂದ ಶುರು. ದಿನಕ್ಕೆ ಐದು ಹೊತ್ತು ವುಝೂ ಮಾಡುವ ನಮ್ಮಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಫಿಕ್‌ಹ್ ಪಂಡಿತರು ಇದನ್ನು ಎಂದೋ ಯೋಚಿಸಿದ್ದರು. ಜಬೀರಾದ ಮೇಲೆ ಒದ್ದೆ ಕೈ ಸವರಿದರೆ ಸಾಕು ಎಂದರು ಹನಫಿಗಳು. ಶಾಫಿಗಳು ಜೊತೆಗೆ ತಯಮ್ಮುಮ್ ಹೇಳಿದರು. ಚರ್ಮದ ಕಾಲುಚೀಲದ ಮೇಲೆ ಸವರಲು ಒಂದು ದಿನ, ಪ್ರಯಾಣಿಕನಿಗೆ ಮೂರು ದಿನ ಎಂಬ ಮಿತಿಯುಂಟು. ದಬ್ಬೆಗೆ ಆ ದಿನಮಿತಿಯಿಲ್ಲ. ತಲೆಗೆ ಗಾಯವಾದವನಿಗೆ ಸ್ನಾನ ಮಾಡಲೇಬೇಕೆಂದು ಸಂಗಾತಿಗಳು ಹೇಳಿ, ಅವನು ತೀರಿಕೊಂಡಾಗ ಪ್ರವಾದಿಯವರು ಕಟುವಾಗಿ ಆಕ್ಷೇಪಿಸಿದ ಪ್ರಸಂಗ ಅಬೂದಾವೂದರ ಹದೀಸ್ ಸಂಗ್ರಹದಲ್ಲಿದೆ. ಧರ್ಮದ ಹೆಸರಿನಲ್ಲಿ ದಬ್ಬೆ ಬಿಚ್ಚುವವರು ಅದನ್ನು ನೆನೆಯಬೇಕು.

ಆದರೆ ಬಿಚ್ಚಲು ಇನ್ನೊಂದು ಕಾರಣವಿದೆ, ಅದಕ್ಕೆ ಫತ್ವಾ ಸಾಲದು. ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಬೆರಳ ತುದಿಯೇ ಬಂಡವಾಳ. ಎಲೆ ಸುರುಳಿ ಸುತ್ತಿ ಬಾಯಿ ಮಡಚುವ ಕೆಲಸ ದಬ್ಬೆ ಕಟ್ಟಿದ ಬೆರಳಿಗೆ ಒಗ್ಗುವುದಿಲ್ಲ. ಕೂಲಿ ಸಿಗುವುದು ಕಟ್ಟಿದ ಬೀಡಿಯ ಲೆಕ್ಕದಲ್ಲಿ. ದರ್ಜಿಗೂ, ರೊಟ್ಟಿ ತಟ್ಟುವವಳಿಗೂ ಇದೇ ಪಾಡು. ದಬ್ಬೆ ಅಗ್ಗ ಎಂದು ನಾವು ಹೇಳುವಾಗ, ಆ ಎಂಟು ವಾರಗಳ ಬೆಲೆಯನ್ನು ಯಾರು ತೆರುತ್ತಾರೆಂದು ಕೇಳಿಕೊಳ್ಳುವುದಿಲ್ಲ. ಅವಳು ನಾಲ್ಕನೇ ವಾರಕ್ಕೆ ದಬ್ಬೆ ಬಿಚ್ಚಿಟ್ಟರೆ ಅದನ್ನು ಅಜ್ಞಾನ ಎಂದುಬಿಡುತ್ತೇವೆ.

ಎಲುಬು ತಾನಾಗಿ ಕೂಡಿಕೊಳ್ಳುತ್ತದೆ. ವೈದ್ಯನ ಕೆಲಸ ಅದಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು. ಆ ಅಡ್ಡಿ ಕೆಲವೊಮ್ಮೆ ಜಾರಿದ ಗಿಣ್ಣು, ಕೆಲವೊಮ್ಮೆ ಖಾಲಿ ಡಬ್ಬಿ. ಮೊದಲನೆಯದಕ್ಕೆ ಚೂರಿ, ತಂತಿಗಳಿವೆ. ಎರಡನೆಯದಕ್ಕೆ ಮನೆಯವರು, ನೆರೆಯವರು, ಜಮಾಅತಿನವರು ಎಂಟು ವಾರ ಜೊತೆ ನಿಂತರೆ ಅದೂ ಜಬ್ರ್‌ನ ಹಳೆಯ ಅರ್ಥಕ್ಕೆ ಸಲ್ಲುವ ಕೆಲಸವೇ.