ಅಳತೆಗೋಲು ಹಣೆಪಟ್ಟಿಯಾದ ಬಗೆ

ಫ್ರಾನ್ಸಿನಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಕಲಿಕೆಯಲ್ಲಿ ಹಿಂದೆ ಬೀಳುವ ಮಕ್ಕಳೂ ಶಾಲೆಗೆ ಬಂದರು. ಅವರಿಗಾಗಿ ಏನು ಮಾಡಬೇಕೆಂದು ಪರಿಶೀಲಿಸಲು ಸರ್ಕಾರ 1904ರಲ್ಲಿ ಆಯೋಗವೊಂದನ್ನು ನೇಮಿಸಿತು. ಅದರ ಸದಸ್ಯರಾಗಿದ್ದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ, ವೈದ್ಯ ಸಿಮೋನ್ ಜೊತೆಗೂಡಿ 1905ರಲ್ಲಿ 30 ಚಟುವಟಿಕೆಗಳ ಬುದ್ಧಿಪರೀಕ್ಷೆ ರೂಪಿಸಿದರು. ವಿಶೇಷ ಬೋಧನೆ ಯಾರಿಗೆ ಬೇಕೆಂದು ತಿಳಿಯುವುದಷ್ಟೇ ಅದರ ಉದ್ದೇಶ. ಬುದ್ಧಿ ತರಬೇತಿಯಿಂದ ಬೆಳೆಯುತ್ತದೆ ಎಂಬುದು ಬಿನೆಯವರ ನಂಬಿಕೆ.

ಆದರೆ ಅಮೆರಿಕದಲ್ಲಿ ಹೆನ್ರಿ ಗೊಡ್ಡಾರ್ಡ್ ಮುಂತಾದವರು ಬುದ್ಧಿಯನ್ನು ಹುಟ್ಟುಗುಣವೆಂದು ಬಗೆದರು. ಅದೇ ಪರೀಕ್ಷೆ ಮಕ್ಕಳಿಗೆ ಮಂದಮತಿಯೆಂಬ ಹಣೆಪಟ್ಟಿ ಅಂಟಿಸಿತು.

ನಮ್ಮಲ್ಲಿ ವಿ.ವಿ. ಕಾಮತರು ಅದರ ಪರಿಷ್ಕೃತ ರೂಪವನ್ನು ಕನ್ನಡ, ಮರಾಠಿಗೆ ಒಗ್ಗಿಸಿ 1940ರಲ್ಲಿ ಪುಸ್ತಕ ಪ್ರಕಟಿಸಿದರು. ‘ಬಿನೆ-ಕಾಮತ್’ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅಂಕಿ ತಿಳಿದ ಮೇಲೂ ಪಾಠದ ಕ್ರಮ ಬದಲಾಗದಿದ್ದರೆ ಮಗುವಿಗೆ ಉಳಿಯುವುದು ಹಣೆಪಟ್ಟಿ ಮಾತ್ರ.