ಮಿಂಚು, ಕಬ್ಬಿಣ, ಕೆಂಪು ಕೆಸರು

ಮಿಂಚಿದಾಗ ಗಾಳಿಯ ಸಾರಜನಕ, ಆಮ್ಲಜನಕ ಕೂಡಿ ಮಳೆಯೊಡನೆ ಮಣ್ಣಿಗಿಳಿಯುತ್ತವೆ ಎಂದು ಕೆಂಪಾಪುರದ ನಮ್ಮ ಶಾಲೆಯಲ್ಲಿ ಓದಿದ್ದೆವು. ಇದನ್ನೇ ಕಾರ್ಖಾನೆಗೆ ತಂದವರು ನಾರ್ವೆಯ ಬಿರ್ಕೆಲಾಂಡ್ ಮತ್ತು ಐಡೆ. 1903ರಲ್ಲಿ ಅವರು ವಿದ್ಯುತ್ ಜ್ವಾಲೆಯೊಳಗೆ, ಅಂದರೆ ಪ್ಲಾಸ್ಮಾದೊಳಗೆ, ಗಾಳಿ ಹಾಯಿಸಿ ಗೊಬ್ಬರಕ್ಕೆ ದಾರಿ ಮಾಡಿದರು. ಆದರೆ ಆ ವಿಧಾನ ಬಕಾಸುರನಂತೆ ವಿದ್ಯುತ್ ನುಂಗುತ್ತಿತ್ತು. ಜರ್ಮನಿಯ ಹೇಬರ್ ಮತ್ತು ಬಾಷ್ ಕಬ್ಬಿಣದ ಕ್ರಿಯಾವರ್ಧಕ ಬಳಸಿ ಅಮೋನಿಯ ತಯಾರಿಸಿದರು. 1913ರಲ್ಲಿ ಅವರ ಕಾರ್ಖಾನೆ ಶುರುವಾದ ಮೇಲೆ ಪ್ಲಾಸ್ಮಾ ಹಿಂದೆ ಸರಿಯಿತು. ನಮ್ಮ ರಾಗಿ ಹೊಲಕ್ಕೆ ಹಾಕುವ ಯೂರಿಯಾ ಆ ಗೆಲುವಿನ ಕೂಸು.

ಎರಡನ್ನೂ ಜೊತೆಗೂಡಿಸುವ ಕೆಲಸ ನಮಗೆ ಹತ್ತಿರದಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಅಲ್ಲಿ ಬಿ.ಎಸ್. ರಜನೀಕಾಂತ್ ಮತ್ತು ಅವರ ವಿದ್ಯಾರ್ಥಿಗಳು ಆಯ್ದುಕೊಂಡದ್ದು ಡೀಸೆಲ್ ಹೊಗೆ. ಮೈಸೂರು ರಸ್ತೆಯಲ್ಲಿ ಬಸ್ಸು ಕಾದವರಿಗೆ ಅದರ ಪರಿಚಯ ಬೇಕಿಲ್ಲ! ಹೊಗೆಯ ನೈಟ್ರಿಕ್ ಆಕ್ಸೈಡನ್ನು ಪ್ಲಾಸ್ಮಾ ಬಹುಪಾಲು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತದೆ, ಅಷ್ಟೆ, ವಿಷ ಹೋಗುವುದಿಲ್ಲ. ಕ್ರಿಯಾವರ್ಧಕವೊಂದೇ ಇದ್ದರೆ ಹೊಗೆ ಚೆನ್ನಾಗಿ ಬಿಸಿಯಿರಬೇಕು. ಆದ್ದರಿಂದ ಅವರು ಪ್ಲಾಸ್ಮಾ ದಾಟಿಬಂದ ಹೊಗೆಯನ್ನು ಕ್ರಿಯಾವರ್ಧಕಗಳ ಮೇಲೂ ಹೀರುವಸ್ತುಗಳ ಮೇಲೂ ಹಾಯಿಸಿದರು. ಬಾಕ್ಸೈಟ್ ಸಂಸ್ಕರಿಸುವ ಕಾರ್ಖಾನೆಗಳು ಎಸೆಯುವ ಕೆಂಪು ಕೆಸರನ್ನೂ ಬಿಡಲಿಲ್ಲ. ಕಸದಿಂದ ಹೊಗೆ ತೊಳೆಯುವ ಈ ಉಪಾಯವೇ ನನಗೆ ಹೆಚ್ಚು ಹಿಡಿಸಿದ್ದು. ಆದರೆ ಹೊಗೆ ಶುಚಿಗೊಳಿಸಲು ಎಂಜಿನ್ನಿನ ಎಷ್ಟು ಶಕ್ತಿ ತೆರಬೇಕು? ನಾರ್ವೆಯವರನ್ನು ಕಾಡಿದ ವಿದ್ಯುತ್ತಿನ ಲೆಕ್ಕ ಇಲ್ಲಿಯೂ ಬೆನ್ನು ಬಿಟ್ಟಿಲ್ಲ.